ಕೋಶವೂ ದೇಶವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ಆ ಮಾತನ್ನು ಆಡಿದ ಹಿರಿಯರು ಇವೆರಡನ್ನೂ ತಿಳಿವಳಿಕೆಯ ಸಾಧನಗಳೆಂದು ಒಟ್ಟಿಗೆ ಹೇಳಿದರೇ ಹೊರತು, ಒಂದಕ್ಕೂ ಇನ್ನೊಂದಕ್ಕೂ ವಿರೋಧವುಂಟೆಂದು ಹೇಳಲಿಲ್ಲ. ಆದರೆ ಪರದೇಶದಲ್ಲಿ ನೆಲಸಿ ಅಲ್ಲಿನ ನುಡಿಯನ್ನು ಕಲಿಯಹೊರಟವನ ಅನುಭವವೇ ಬೇರೆ. ಕಸುಬಿನ ಕೆಲಸ ಮುಗಿದ ಮೇಲೆ ಅವನಿಗೆ ಉಳಿಯುವುದು ಕೆಲವೇ ಗಂಟೆಗಳ ಬಿಡುವು. ಆ ಹೊತ್ತನ್ನು ಪುಸ್ತಕಕ್ಕೆ ಕೊಟ್ಟರೆ ಜನರ ಒಡನಾಟ ತಪ್ಪುವುದು. ಒಡನಾಟಕ್ಕೆ ಕೊಟ್ಟರೆ ಪಾಠ ಹಿಂದೆ ಬೀಳುವುದು. ಇಷ್ಟೇ ಅಲ್ಲ. ಒಡನಾಟವೆಂಬುದು ಅಲ್ಲಿ ಎರಡು ಬಗೆಯದು: ತನ್ನ ನಾಡಿನಿಂದ ಬಂದ ತನ್ನವರದು ಒಂದು, ಆ ನೆಲದ ಜನರದು ಇನ್ನೊಂದು. ಮೊದಲನೆಯದರಿಂದ ಮನಸ್ಸಿಗೆ ಸಮಾಧಾನ. ಎರಡನೆಯದರಿಂದ ನಾಲಗೆಗೆ ಲಾಭ. ಈ ಮೂರನ್ನೂ ಸರಿತೂಗಿಸುವುದು ಹೇಗೆ?

ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಹೇಳುವುದು ಸುಲಭ. ಚರಿತ್ರೆಯಿಂದ ಹೇಳಿದರೆ ಹೆಚ್ಚು ಪ್ರಯೋಜನ. ಕಳೆದ ಎರಡು ಶತಮಾನಗಳಲ್ಲಿ ಕನ್ನಡವನ್ನು ಕಲಿಯಬೇಕೆಂದು ಹೊರಟ ಪರದೇಶಿಯರು ಹಲವರು. ಅವರಲ್ಲಿ ಯಾರು ಏನನ್ನು ಆರಿಸಿಕೊಂಡರು, ಅದರಿಂದ ಏನು ಪಡೆದರು, ಏನು ಕಳೆದುಕೊಂಡರು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಕೋಲಾರದ ಸೀಮೆಯ ವಾಚಕರಿಗೆ ಇದು ದೂರದ ವಿಷಯವಲ್ಲ. ನಮ್ಮ ಜಿಲ್ಲೆಯಲ್ಲಿ ನಾಲ್ಕು ಹರಿದಾರಿ ನಡೆದರೆ ಮಾತಿನ ಬಣ್ಣ ಬದಲಾಗುತ್ತದೆ. ಶ್ರೀನಿವಾಸಪುರ, ಮುಳಬಾಗಿಲುಗಳ ಹಳ್ಳಿಗಳಲ್ಲಿ ಮನೆಯ ಮಾತು ಬಹುಮಟ್ಟಿಗೆ ತೆಲುಗು. ಮಾಲೂರಿನ ದಕ್ಷಿಣಕ್ಕೆ ಹೋದರೆ ತಮಿಳು ಕಿವಿಗೆ ಬೀಳುವುದು. ಕೋಲಾರದ ಪೇಟೆಯಲ್ಲಿ ಉರ್ದು ಉಂಟು. ಶಾಲೆಯ ಮಾತು, ಕಚೇರಿಯ ಬರಹ ಕನ್ನಡ. ಒಂದೇ ಜಗಲಿಯ ಮೇಲೆ ಕುಳಿತ ನಾಲ್ವರು ಮೂರು ನುಡಿಗಳಲ್ಲಿ ಮಾತನಾಡಿ, ಒಬ್ಬರ ಮಾತು ಒಬ್ಬರಿಗೆ ತಿಳಿದು, ನಗುನಗುತ್ತ ಏಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದು ಇಂದಿನ ಮಾತೂ ಅಲ್ಲ. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲಿನ ಚೋಳರ ಕಾಲದ ಶಾಸನಗಳು ತಮಿಳಿನಲ್ಲಿವೆ. ಅದೇ ಜಿಲ್ಲೆಯ ಬೇರೆ ಕಲ್ಲುಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡುತ್ತವೆ. ಪರರ ನುಡಿಯ ನಡುವೆ ಬಾಳುವುದು ಈ ನೆಲದ ಹಳೆಯ ವಿದ್ಯೆ.

ಮೊದಲು, ದೇಶವಿಲ್ಲದೆ ಕೋಶವೊಂದನ್ನೇ ನಂಬಿದವರ ಸಂಗತಿ. ಬಂಗಾಳದ ಶ್ರೀರಾಮಪುರದಲ್ಲಿ ನೆಲಸಿದ್ದ ವಿಲಿಯಂ ಕೇರಿ ಎಂಬ ಇಂಗ್ಲೀಷು ಪಾದ್ರಿಯು 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದನು. 1793ರಲ್ಲಿ ಬಂಗಾಳಕ್ಕೆ ಬಂದ ಈತನು 1834ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ್ದು ಆ ಸೀಮೆಯಲ್ಲಿಯೇ. ಅನೇಕ ಭಾಷೆಗಳಲ್ಲಿ ಏಕಕಾಲಕ್ಕೆ ಕೆಲಸಮಾಡಿದ ಅಸಾಧಾರಣ ಪರಿಶ್ರಮಿ. ಕನ್ನಡಕ್ಕೆ ಇಂಗ್ಲೀಷಿನಲ್ಲಿ ವ್ಯಾಕರಣ ಬರೆದವರಲ್ಲಿ ಅಗ್ರಗಣ್ಯನೆಂಬ ಗೌರವವೂ ಅವನಿಗೆ ಸಲ್ಲಬೇಕು. ಆದರೆ ಕನ್ನಡದ ಸಂತೆಯ ಗದ್ದಲ ಅವನ ಕಿವಿಗೆ ಬಿದ್ದುದಲ್ಲ; ಕನ್ನಡದ ಅಜ್ಜಿಯೊಬ್ಬಳು ಮೊಮ್ಮಗನನ್ನು ಗದರಿಸುವ ಮಾತು ಅವನ ಪಾಠದಲ್ಲಿ ಸೇರಿದುದಲ್ಲ. ದೂರದಲ್ಲಿ ಕುಳಿತು ಒಂದು ನುಡಿಯ ಎಲುಬುಗಳನ್ನು ಎಣಿಸಬಹುದು. ಅದರ ಉಸಿರನ್ನು ಕೇಳುವುದಕ್ಕೆ ಹತ್ತಿರ ಹೋಗಬೇಕು.

ಕಂಪೆನಿಯ ಸರ್ಕಾರಕ್ಕೆ ಈ ಕೊರತೆ ಗೊತ್ತಿಲ್ಲದೆ ಇರಲಿಲ್ಲ. ಸೀಮೆಯಿಂದ ಹೊಸದಾಗಿ ಬಂದ ತರುಣ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸುವುದಕ್ಕಾಗಿ 1812ರಲ್ಲಿ ಮದರಾಸಿನ ಕೋಟೆಯ ಹೆಸರಿನಲ್ಲಿ ಒಂದು ಕಾಲೇಜು ಸ್ಥಾಪನೆಯಾಯಿತು. ಫ್ರಾನ್ಸಿಸ್ ಎಲ್ಲಿಸ್ ಎಂಬಾತನು ಅದರ ಮುಖ್ಯ ಪ್ರೇರಕ. ತಮಿಳು, ತೆಲುಗು, ಕನ್ನಡಗಳು ಒಂದೇ ಕುಲದ ನುಡಿಗಳೆಂದು 1816ರಲ್ಲಿಯೇ ಬರೆದು ತೋರಿಸಿದವನು ಈತನೇ. ಅಲ್ಲಿ ಪಂಡಿತರಿದ್ದರು, ಮುನ್ಷಿಗಳಿದ್ದರು, ಪರೀಕ್ಷೆಗಳಿದ್ದುವು. ವ್ಯವಸ್ಥೆಯೇನೋ ಒಳ್ಳೆಯದೇ. ಆದರೆ ಮುನ್ಷಿಯೊಡನೆ ಕಳೆಯುವ ಗಂಟೆಯು ಮುಗಿದೊಡನೆ ಆ ಮಾತೂ ಮುಗಿಯುವುದಾದರೆ, ಅದು ಔಷಧ ಸೇವಿಸುವಂತೆಯೇ ಹೊರತು ಊಟ ಮಾಡಿದಂತಲ್ಲ. ಪರೀಕ್ಷೆಗೆ ಕಲಿತದ್ದು ಪರೀಕ್ಷೆಯೊಡನೆ ಹೋಗುವುದು ಎಲ್ಲ ಕಾಲದ ವಿದ್ಯಾರ್ಥಿಗಳೂ ಬಲ್ಲ ಸಂಗತಿ.

ಇನ್ನು, ಕೋಶವಿಲ್ಲದೆ ದೇಶದಲ್ಲಿದ್ದವರ ನಿದರ್ಶನಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ನಮ್ಮ ಚಿನ್ನದ ಗಣಿಗಳ ಕೆಲಸವನ್ನು ಕೈಗೊಂಡರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಅಲ್ಲಿಗೆ ಬಂದಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುವವರೆಗೆ, ಎಂದರೆ ಸುಮಾರು ಮುಕ್ಕಾಲು ಶತಮಾನ, ಇಂಗ್ಲೆಂಡಿನಿಂದ ಬಂದ ಎಂಜಿನಿಯರುಗಳೂ ಗಣಿಯ ಕುಶಲಿಗಳೂ ಅಲ್ಲಿ ಸಂಸಾರ ಹೂಡಿ ಬಾಳಿದರು. ಬಂಗಲೆಗಳು, ಹೂದೋಟಗಳು, ಕ್ಲಬ್ಬು, ಆಟದ ಬಯಲು, ಪ್ರಾರ್ಥನಾಮಂದಿರ, ಎಲ್ಲವೂ ಸಿದ್ಧವಾದುವು. ಆ ಊರನ್ನು ಪುಟ್ಟ ಇಂಗ್ಲೆಂಡ್ ಎಂದೇ ಕರೆಯುತ್ತಿದ್ದರು. ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆ, ಚಾಂಪಿಯನ್ ರೀಫ್ ಎಂಬ ಹೆಸರುಗಳು ನಮ್ಮ ನಾಲಗೆಯ ಮೇಲೆ ಉಳಿದಿವೆ. ಆದರೆ ಅಷ್ಟು ಕಾಲದ, ಅಷ್ಟು ಜನದ ಆ ವಾಸದಿಂದ ಕನ್ನಡಕ್ಕೆ ಹೆಸರಿಸತಕ್ಕ ಒಂದು ನಿಘಂಟಾಗಲಿ, ವ್ಯಾಕರಣವಾಗಲಿ ಬರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ದೋಷವೆಲ್ಲ ಅವರದಲ್ಲ. ಗಣಿಯೊಳಗೆ ಇಳಿಯುತ್ತಿದ್ದ ಕೂಲಿಯವರಲ್ಲಿ ಹೆಚ್ಚಿನವರ ನುಡಿ ತಮಿಳು ಅಥವಾ ತೆಲುಗು; ಕನ್ನಡವು ಆ ಕೆಲಸಕ್ಕೆ ಅವಶ್ಯವಾಗಿರಲಿಲ್ಲ. ಪಂಡಿತರಾಗಬೇಕೆಂದು ಅವರು ಬಂದವರೂ ಅಲ್ಲ. ಭೂಮಿಯ ಕೆಳಗೆ ಹಗಲೆಲ್ಲ ಅಪಾಯದಲ್ಲಿ ದುಡಿದು ಮೇಲೆ ಬಂದವನು ಸಂಜೆ ತನ್ನವರ ನಡುವೆ ತನ್ನ ಮಾತನ್ನು ಆಡಿ ದಣಿವಾರಿಸಿಕೊಂಡರೆ ಅದನ್ನು ತಪ್ಪೆನ್ನಲಾಗದು. ಆದರೂ ಅವರ ಚರಿತ್ರೆಯಿಂದ ಒಂದು ಪಾಠ ಸ್ಪಷ್ಟವಾಗುತ್ತದೆ. ಬರಿಯ ವಾಸದಿಂದ ನುಡಿ ಬಾರದು. ತನ್ನವರ ಗುಂಪು ಸಾಕಷ್ಟು ದೊಡ್ಡದಾಗಿ, ಸಾಕಷ್ಟು ಹಿತವಾಗಿ ಇದ್ದರೆ, ಮನುಷ್ಯನು ಎಷ್ಟು ವರ್ಷ ಪರದೇಶದಲ್ಲಿದ್ದರೂ ಅವನ ನಾಲಗೆಯು ಸ್ವದೇಶದಲ್ಲಿಯೇ ಇರುವುದು.

ಇವೆರಡನ್ನೂ ಕೂಡಿಸಲು ಹೊರಟವರು ಕೆಲವರೇ. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿನಲ್ಲಿ ಇಳಿದರು. ಎರಡು ವರ್ಷದ ತರುವಾಯ ಅವರನ್ನು ಸೇರಿಕೊಂಡವರು ಹೆರ್ಮನ್ ಮೋಗ್ಲಿಂಗ್ ಮಹಾಶಯರು. 1843ನೆಯ ಇಸವಿ ಜುಲೈ 1ರಂದು ಇವರು ಹೊರಡಿಸಿದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಇಲ್ಲಿ ನಾವು ಗಮನಿಸಬೇಕಾದದ್ದು ಬೇರೊಂದು. ವ್ಯಾಕರಣವನ್ನು ಏಕಾಂತದಲ್ಲಿ ಬರೆಯಬಹುದು; ಊರಿನ ವರ್ತಮಾನವನ್ನು ಏಕಾಂತದಲ್ಲಿ ಬರೆಯಲಾಗದು. ಪತ್ರಿಕೆ ನಡೆಸುವವನು ಪೇಟೆಗೆ ಹೋಗಬೇಕು, ಬಂದವರನ್ನು ಕೂರಿಸಿ ಮಾತನಾಡಿಸಬೇಕು, ಒಂದು ಸುದ್ದಿಗೆ ಎರಡು ಬಾಯಿಗಳ ಸಾಕ್ಷ್ಯ ಕೇಳಬೇಕು. ಹರಿದಾಸರ ಪದಗಳನ್ನು 1850ರಲ್ಲಿ ಅಚ್ಚಿಗೆ ತಂದವರೂ ಇವರೇ. ಜೈಮಿನಿ ಭಾರತ, ಬಸವಪುರಾಣ ಮೊದಲಾದ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದ ಗ್ರಂಥಮಾಲೆಯು 1848ರಿಂದ 1853ರವರೆಗೆ ನಡೆಯಿತು. ಕಸಮೇಜರ್ ಎಂಬ ನಿವೃತ್ತ ನ್ಯಾಯಾಧಿಕಾರಿಯು ಅದಕ್ಕೆ ಧನಸಹಾಯ ಮಾಡಿದನು. ಆ ಮಾಲೆಯಲ್ಲಿ ಕಾವ್ಯಗಳ ಜತೆಗೆ ಗಾದೆಗಳಿಗೂ ಸ್ಥಾನ ದೊರಕಿತು. ಕಾವ್ಯ ಕೋಶದಿಂದ ಬಂದುದು, ಗಾದೆ ದೇಶದಿಂದ ಬಂದುದು. ಮೋಗ್ಲಿಂಗರಿಗೆ ಎರಡೂ ಬೇಕಾದುವು.

ಈ ಪರಂಪರೆಯಲ್ಲಿ ಬಂದವರು ಫರ್ಡಿನಾಂಡ್ ಕಿಟ್ಟೆಲ್ ಪಂಡಿತರು. 1832ರಲ್ಲಿ ಉತ್ತರ ಜರ್ಮನಿಯ ಕಡಲತಡಿಯ ಒಂದು ಹಳ್ಳಿಯಲ್ಲಿ ಹುಟ್ಟಿ, 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಇವರು ಕನ್ನಡನಾಡಿಗೆ ಬಂದರು. ಧಾರವಾಡದ ಸೀಮೆಯಲ್ಲಿ ಕನ್ನಡ ಕಲಿಯತೊಡಗಿದರು. ಭಾರತೀಯರಿಗೆ ಭಾರತೀಯನಾಗಬೇಕು ಎಂಬುದು ಇವರು ಇಟ್ಟುಕೊಂಡ ಗುರಿ. ಭಾಷೆಯನ್ನಷ್ಟೇ ಅಲ್ಲದೆ, ಈ ಜನರ ಆಚಾರವನ್ನೂ, ಇಲ್ಲಿನ ಸಂಗೀತವನ್ನೂ ಕಲಿಯಲು ಯತ್ನಿಸಿದರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹೊಂದಿಸಿ 'ಕಥಾಮಾಲೆ' ಎಂಬ ಹೆಸರಿನಿಂದ ಪ್ರಕಟಿಸಿದರು. ನಾಡಿಗೆ ಬಂದು ಒಂಬತ್ತು ವರ್ಷವಾಗುವುದರೊಳಗೆ ಪರದೇಶಿಯೊಬ್ಬನು ಕನ್ನಡದಲ್ಲಿ ಪದ್ಯ ಕಟ್ಟಿದನೆಂದರೆ, ಆ ಒಂಬತ್ತು ವರ್ಷಗಳ ಸಂಜೆಗಳು ಎಲ್ಲಿ ಕಳೆದುವೆಂಬುದನ್ನು ಊಹಿಸಬಹುದು.

ಆದರೆ ಇದು ಬಿಟ್ಟಿಯಾಗಿ ದೊರಕಲಿಲ್ಲ. ಇವರ ಜತೆಯ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನಿಯ ನೈಋತ್ಯ ಭಾಗದಿಂದ ಬಂದವರು, ಸಾಮಾನ್ಯ ಕುಟುಂಬಗಳವರು, ಮಿಷನ್ನಿನ ಸ್ವಂತ ಪಾಠಶಾಲೆಯಲ್ಲಿ ಕಲಿತವರು. ಕಿಟ್ಟೆಲರು ಉತ್ತರದವರು, ಉನ್ನತ ವಿದ್ಯಾಭ್ಯಾಸ ಪಡೆದವರು. ಹೀಗೆ ತಮ್ಮವರಲ್ಲಿಯೇ ಅವರು ಮೊದಲೇ ಸ್ವಲ್ಪ ಹೊರಗಿನವರು. ಅದರ ಮೇಲೆ, ಬಿಡುವಿನ ಹೊತ್ತನ್ನು ದೇಶೀಯರೊಡನೆಯೂ ಅವರ ಗ್ರಂಥಗಳೊಡನೆಯೂ ಕಳೆಯುವುದು ಮಿಷನ್ನಿನವರಿಗೆ ಹಿತವಾಗಲಿಲ್ಲ. ಧರ್ಮಪ್ರಚಾರಕ್ಕೆಂದು ಬಂದವನಿಗೆ ವ್ಯಾಕರಣದ ಗೊಡವೆ ಏಕೆ ಎಂಬುದು ಅವರ ಭಾವ. ಕಿಟ್ಟೆಲರನ್ನು ನೀಲಗಿರಿಯ ಮೂಲೆಯ ಠಾಣ್ಯಕ್ಕೆ ಕಳುಹಿಸಿದ್ದೂ, ಆಮೇಲೆ ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಸೀಮಿತಗೊಳಿಸಿದ್ದೂ ಈ ಅಸಮಾಧಾನದ ಫಲವೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ವಿಷಯದ ಮರ್ಮವಿರುವುದು ಇಲ್ಲಿಯೇ. ಓದಿಗೂ ಒಡನಾಟಕ್ಕೂ ವಿರೋಧವೆಂದು ನಾವು ಮೊದಲು ಹೇಳಿದೆವಷ್ಟೆ. ಕಿಟ್ಟೆಲರ ಬಾಳಿನಲ್ಲಿ ಆ ವಿರೋಧ ಕಾಣುವುದಿಲ್ಲ. ಕನ್ನಡಿಗರೊಡನೆ ಕಳೆದ ಹೊತ್ತೇ ಅವರಿಗೆ ಪಾಠದ ಹೊತ್ತಾಯಿತು. ಪಾಠದಲ್ಲಿ ಕಂಡ ಸಂಶಯವೇ ಮರುದಿನದ ಮಾತಿಗೆ ವಿಷಯವಾಯಿತು. ವಿರೋಧವಿದ್ದುದು ಬೇರೆ ಕಡೆ, ಈ ನೆಲದವರ ಒಡನಾಟಕ್ಕೂ ತನ್ನವರ ಒಡನಾಟಕ್ಕೂ ನಡುವೆ. ಒಂದನ್ನು ಬೆಳೆಸಿಕೊಂಡಷ್ಟೂ ಇನ್ನೊಂದು ಸವೆಯುತ್ತ ಹೋಯಿತು. ಆದುದರಿಂದ ಪರದೇಶದಲ್ಲಿ ನುಡಿ ಕಲಿಯುವವನು ಕೇಳಿಕೊಳ್ಳಬೇಕಾದ ಪ್ರಶ್ನೆಯು ಎಷ್ಟು ಗಂಟೆ ಓದಲಿ ಎಂಬುದಲ್ಲ. ಯಾರ ಜಗಲಿಯ ಮೇಲೆ ಕೂರಲಿ ಎಂಬುದು.

ಹಾಗೆ ಕುಳಿತುದರ ಫಲವನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ–ಇಂಗ್ಲೀಷು ನಿಘಂಟಿನಲ್ಲಿ ಇಂದಿಗೂ ನೋಡಬಹುದು. ಅದರಲ್ಲಿ ಸುಮಾರು 70,000 ಪದಗಳಿವೆ. ಗ್ರಂಥವು 1,700 ಪುಟಗಳನ್ನು ಮೀರಿದೆ. ಆದರೆ ಗಾತ್ರಕ್ಕಿಂತಲೂ ಬಗೆ ಮುಖ್ಯ. ಒಂದು ಪದಕ್ಕೆ ಹಳಗನ್ನಡ ಕಾವ್ಯದ ಪ್ರಯೋಗವಿದ್ದರೆ ಅದನ್ನು ತೋರಿಸುತ್ತಾರೆ; ಅದರ ಪಕ್ಕದಲ್ಲಿಯೇ, ಹಳ್ಳಿಯ ಗಾದೆಯೊಂದರಲ್ಲಿ ಆ ಪದ ಬಂದಿದ್ದರೆ ಗಾದೆಯನ್ನೂ ಕೊಡುತ್ತಾರೆ. ಈ ಮಾತು ಮೈಸೂರು ಸೀಮೆಯಲ್ಲಿ ಬಳಕೆಯದು, ಇದು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯದು ಎಂದು ಗುರುತು ಹಾಕುತ್ತಾರೆ. ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಆ ಪದದ ಬಂಧುಗಳನ್ನು ಹೆಸರಿಸುತ್ತಾರೆ. ಕಾವ್ಯದ ಪ್ರಯೋಗ ಓಲೆಗರಿಯಿಂದ ಬರಬಹುದು. ಯಾವ ಸೀಮೆಯ ಜನ ಯಾವ ಮಾತನ್ನು ಆಡುತ್ತಾರೆಂಬುದು ಜನರಿಂದಲೇ ಬರಬೇಕು. ಒಂದೊಂದು ಗುರುತಿನ ಹಿಂದೆಯೂ ಒಬ್ಬ ಹೆಸರಿಲ್ಲದ ಕನ್ನಡಿಗನು, ರೈತನೋ ಪಂಡಿತನೋ ಅಂಗಡಿಯವನೋ, ನಿಂತಿದ್ದಾನೆ.

ಕೋಶದ ಕಡೆಯನ್ನೂ ಅವರು ಬಿಡಲಿಲ್ಲವೆಂಬುದನ್ನು ಮರೆಯಬಾರದು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪರಿಶೋಧಿಸಿ ಅಚ್ಚು ಹಾಕಿಸಿದರು. ಆಡುಮಾತನ್ನು ಮಾತ್ರ ಬಲ್ಲವನಿಂದ ಇದು ಸಾಧ್ಯವಲ್ಲ. ಒಡನಾಟವು ನುಡಿಗೆ ಜೀವ ಕೊಡುತ್ತದೆ. ಆ ಜೀವಕ್ಕೆ ನಿಲ್ಲುವ ಶರೀರವನ್ನು ಕೊಡುವುದು ಓದು. ಸ್ವದೇಶಕ್ಕೆ ಮರಳಿದ್ದ ಕಿಟ್ಟೆಲರು ನಿಘಂಟನ್ನು ಮುಗಿಸುವುದಕ್ಕಾಗಿ ಐವತ್ತು ದಾಟಿದ ಮೇಲೆ ಮತ್ತೆ ಕಡಲು ದಾಟಿ ಇಲ್ಲಿಗೆ ಬಂದರು. ಕೋಶದ ಕೆಲಸಕ್ಕೂ ದೇಶವು ಬೇಕಾಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಆ ವರ್ಷದ ಕೊನೆಯಲ್ಲಿಯೇ ಅವರು ತೀರಿಕೊಂಡರು. ಅವರನ್ನು ಮೂಲೆಗೆ ತಳ್ಳಿದವರ ಹೆಸರುಗಳು ಇಂದು ನಮಗೆ ತಿಳಿಯವು. ಕಿಟ್ಟೆಲ್ ಎಂಬ ಹೆಸರು ಕನ್ನಡದಲ್ಲಿ ನಿಘಂಟು ಎಂಬ ಮಾತಿಗೇ ಪರ್ಯಾಯವಾಗಿ ನಿಂತಿದೆ.

ನಮ್ಮ ಜಿಲ್ಲೆಗೆ ನೇರವಾಗಿ ಉಪಕಾರ ಮಾಡಿದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಬೆಂಜಮಿನ್ ಲೂಯಿಸ್ ರೈಸ್ ಮಹಾಶಯರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ತಂದೆ ಪಾದ್ರಿಗಳು. ಇಂಗ್ಲೆಂಡಿನಲ್ಲಿ ಓದಿ ಹಿಂದಿರುಗಿ, ಇಲ್ಲಿನ ವಿದ್ಯಾ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಶಾಲೆಗಳ ತನಿಖೆಗೆ ಊರೂರು ತಿರುಗುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ನಡುವೆ ನಿಂತ ಕಲ್ಬರಹಗಳು ಅವರ ಕಣ್ಣಿಗೆ ಬಿದ್ದುವು. ದೇಶೀಯ ಪಂಡಿತರ ನೆರವಿನಿಂದ ಅವನ್ನು ಓದಿಸಿ, ಸಂಸ್ಥಾನದ ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು, ಹೊರಬಂದುದು 1905ರಲ್ಲಿ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳ ಚರಿತ್ರೆ ಬರೆಯುವವರು ಇಂದಿಗೂ ಮೊದಲು ತೆರೆಯುವುದು ಅದನ್ನೇ. ಕುದುರೆಯ ಮೇಲೆ ಕುಳಿತು ಸುಮ್ಮನೆ ದಾಟಿಹೋಗಬಹುದಾಗಿದ್ದ ಅಧಿಕಾರಿಯೊಬ್ಬನು ಇಳಿದು ನಿಂತು, ಇದರಲ್ಲಿ ಏನು ಬರೆದಿದೆ ಎಂದು ಊರಿನವರನ್ನು ಕೇಳಿದ್ದರಿಂದ ನಮಗೆ ನಮ್ಮ ಚರಿತ್ರೆ ದೊರಕಿತು.

ಪರದೇಶಿಯರ ಮಾತಾಯಿತು. ನಮ್ಮವರಲ್ಲಿಯೇ ಈ ಕೂಡಿಕೆ ಹೇಗೆ ಫಲಿಸಿತೆಂಬುದಕ್ಕೆ ಮಾಲೂರು ತಾಲ್ಲೂಕಿನ ಮಾಸ್ತಿಗಿಂತ ಬೇರೆ ನಿದರ್ಶನ ಬೇಡ. 1891ರಲ್ಲಿ ಹುಂಗೇನಹಳ್ಳಿಯಲ್ಲಿ ಹುಟ್ಟಿದ ವೆಂಕಟೇಶ ಅಯ್ಯಂಗಾರ್ಯರ ಮನೆಯ ಮಾತು ತಮಿಳು, ಎಂ.ಎ. ಪದವಿಗೆ ಮದರಾಸಿನಲ್ಲಿ ಓದಿದ್ದು ಇಂಗ್ಲೀಷು. ಬರೆದದ್ದು ಕನ್ನಡ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಜನರ ನಡುವೆ ಇದ್ದು, ಅವರ ಸುಖದುಃಖಗಳನ್ನು ಅವರ ಮಾತಿನಲ್ಲಿಯೇ ಕೇಳಿದವರ ಕನ್ನಡ ಅದು. 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಮನೆಯ ನುಡಿಯನ್ನು ತೊರೆಯದೆ ನಾಡಿನ ನುಡಿಯನ್ನು ತನ್ನದಾಗಿ ಮಾಡಿಕೊಳ್ಳಬಹುದೆಂಬುದನ್ನು ಗಡಿನಾಡಿನ ಮಗನೊಬ್ಬನು ಹೀಗೆ ಸಾಧಿಸಿ ತೋರಿಸಿದನು.

ಇಷ್ಟನ್ನು ಬರೆದುದರ ಉದ್ದೇಶವೇನೆಂದು ವಾಚಕರು ಕೇಳಬಹುದು. ಈಗ ಕಾಲಚಕ್ರ ತಿರುಗಿದೆ. ಕಿಟ್ಟೆಲರು ಯಾವ ನಾಡಿನಿಂದ ಇಲ್ಲಿಗೆ ಬಂದರೋ ಆ ನಾಡಿಗೆ ನಮ್ಮ ಮನೆಗಳ ಮಕ್ಕಳು ಓದಲು ಹೋಗುತ್ತಿದ್ದಾರೆ. ಅಲ್ಲಿ ನಮ್ಮವರೇ ನಾಲ್ವರು ಸೇರಿ ಒಂದೇ ಮನೆಯಲ್ಲಿದ್ದು, ಸಾರು ಅನ್ನ ಮಾಡಿಕೊಂಡು, ಸಂಜೆಯೆಲ್ಲ ನಮ್ಮ ಮಾತನ್ನೇ ಆಡಿ, ಬೆಳಗ್ಗೆ ಪಾಠದ ಪುಸ್ತಕ ಹಿಡಿದು ಆ ದೇಶದ ಭಾಷೆ ಬರಲಿಲ್ಲವೆಂದು ಕೊರಗುತ್ತಾರೆ. ತನ್ನವರನ್ನು ಬಿಡು ಎಂದು ಅವರಿಗೆ ಹೇಳುವುದು ಕ್ರೂರವಾದೀತು. ಜ್ವರ ಬಂದಾಗ ಗಂಜಿ ಕಾಯಿಸಿಕೊಡುವವರು ಅವರೇ. ವಾರದಲ್ಲಿ ಎರಡು ಸಂಜೆಯನ್ನಾದರೂ ಆ ನೆಲದವರ ಜಗಲಿಗೆ ಮೀಸಲಿಡು ಎಂದು ಹೇಳಬಹುದು. ಮೊದಮೊದಲು ಅಲ್ಲಿ ಅವಮಾನವೇ ಹೆಚ್ಚು, ಮಗುವಿನಂತೆ ತೊದಲಬೇಕು. ತೊದಲಲು ನಾಚಿದವನಿಗೆ ನುಡಿ ಒಲಿಯದು.

ಇನ್ನೊಂದು ಸಂಗತಿ ನಮಗೇ ಸಂಬಂಧಿಸಿದ್ದು. ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಿಗೆ ಇಂದು ದೂರದೂರದ ನಾಡುಗಳಿಂದ ಜನ ಬರುತ್ತಿದ್ದಾರೆ. ಅವರಲ್ಲಿ ಒಬ್ಬನು ಅಂಗಡಿಯಲ್ಲಿ ನಿಂತು ಹರಕುಮುರುಕು ಕನ್ನಡದಲ್ಲಿ ಉಪ್ಪು ಕೇಳುತ್ತಾನೆ. ನಾವು ಬಹುಭಾಷೆಗಳನ್ನು ಬಲ್ಲವರಲ್ಲವೆ? ಅವನ ಕಷ್ಟ ನೋಡಲಾರದೆ ತಕ್ಷಣ ಅವನ ನುಡಿಗೋ ಹಿಂದಿಗೋ ಇಂಗ್ಲೀಷಿಗೋ ತಿರುಗುತ್ತೇವೆ. ಅದು ದಾಕ್ಷಿಣ್ಯ, ಸೌಜನ್ಯ, ಸಂದೇಹವಿಲ್ಲ. ಆದರೆ ಆ ಸೌಜನ್ಯದಿಂದ ಅವನ ಪಾಠವನ್ನು ನಾವು ಅಲ್ಲಿಗೇ ನಿಲ್ಲಿಸಿದಂತಾಗುತ್ತದೆ. ಕಿಟ್ಟೆಲರು ಹಳ್ಳಿಗೆ ಹೋದಾಗ ಅಲ್ಲಿಯ ಒಕ್ಕಲಿಗನಿಗೆ ಜರ್ಮನ್ ಬಾರದು, ಇಂಗ್ಲೀಷು ಬಾರದು. ಅವನು ತನ್ನ ಮಾತನ್ನೇ ನಿಧಾನವಾಗಿ ಎರಡನೆಯ ಸಾರಿ ಹೇಳಿದನು. ಎಪ್ಪತ್ತು ಸಾವಿರ ಪದಗಳ ನಿಘಂಟಿಗೆ ಆ ಎರಡನೆಯ ಸಾರಿಯ ತಾಳ್ಮೆಯೇ ಬೀಜ.

ಬಂದವನಿಗೆ ಕಲಿಯುವ ಹಂಬಲವಿದ್ದರೆ ಸಾಲದು. ಇದ್ದವನಿಗೆ ಕಲಿಸುವ ತಾಳ್ಮೆಯೂ ಇರಬೇಕು. ನಮ್ಮ ಜಗಲಿಗಳು ಇನ್ನೂ ಇವೆ. ತೊದಲುತ್ತ ಬಂದವನಿಗೆ ಅಲ್ಲಿ ಒಂದು ಮಣೆಯಿಟ್ಟು, ಕನ್ನಡದಲ್ಲಿಯೇ, ನಿಧಾನವಾಗಿ, ಎರಡು ಸಾರಿ ಮಾತನಾಡುವಷ್ಟು ಬಿಡುವನ್ನು ನಾವು ಮಾಡಿಕೊಳ್ಳೋಣ.